ಲ್ಯಾಬಿನಲ್ಲಿ ಹೊಸ ಮಕ್ಕಳ ಲಾಗಿನ್ ತೆವಳುತ್ತಿದೆಯೇ? ಕೈ ಹಾಕುವ ಮುಂಚೆ ಗಡಿಯಾರ ನೋಡಿ

ಜೂನ್ ತಿಂಗಳ ಎರಡನೇ ವಾರ. ದಾವಣಗೆರೆಯ ಒಂದು ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬ್. ಎಂಟನೇ ತರಗತಿಗೆ ಹೊಸದಾಗಿ ಸೇರಿದ ಮಕ್ಕಳ ಕೈಯಲ್ಲಿ ಒಂದೊಂದು ಚೀಟಿ, ಅದರಲ್ಲಿ ಅವರವರ ಯೂಸರ್ ನೇಮ್, ಪಾಸ್‌ವರ್ಡ್. ಮೂವತ್ತು ಮಷೀನಿನ ಮುಂದೆ ಮೂವತ್ತು ಜನ ಕೂತರು. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿ ಎಂಟರ್ ಒತ್ತಿದರು. ಪರದೆ ಮೇಲೆ 'ಹಾಯ್' ಅಂತ ಬಂತು. ಆಮೇಲೆ ಚುಕ್ಕಿಗಳು ಸುತ್ತತೊಡಗಿದವು. ಮೇಡಂ ಹಾಜರಿ ತೆಗೆದು ಮುಗಿಸಿದರು. ಬೋರ್ಡ್ ಮೇಲೆ ಅಂದಿನ ಪಾಠದ ಹೆಸರು ಬರೆದರು. "ಮಿಸ್, ನಂದಿನ್ನೂ ತಿರುಗ್ತಾನೇ ಐತಿ" ಅಂತ ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಕೊನೆಯ ಮಷೀನಿನಲ್ಲಿ ಡೆಸ್ಕ್‌ಟಾಪ್ ಕಾಣುವ ಹೊತ್ತಿಗೆ ಹದಿನಾಲ್ಕು ನಿಮಿಷ ಹೋಗಿತ್ತು. ಪಿರಿಯಡ್ ಇರುವುದೇ ನಲವತ್ತು ನಿಮಿಷ.

ಮೇಡಂ ನನ್ನ ಕಡೆ ತಿರುಗಿ, "ಸರ್, ಹೊಸ ಕಂಪ್ಯೂಟರ್ ತರಿಸ್ಬೇಕಾ?" ಎಂದರು.

ಬೇಕಾಗಿರಲಿಲ್ಲ. ಆ ಹದಿನಾಲ್ಕು ನಿಮಿಷದಲ್ಲಿ ಕಂಪ್ಯೂಟರಿನ ಪಾಲು ಸ್ವಲ್ಪವೇ ಇತ್ತು. ಉಳಿದದ್ದು ಯಾರೋ ಯಾವಾಗಲೋ ಮಾಡಿಟ್ಟು ಮರೆತ ಸೆಟ್ಟಿಂಗುಗಳದ್ದು. ದಾವಣಗೆರೆ, ಚಿತ್ರದುರ್ಗದ ಕಡೆ ನಾನು ನೋಡಿಕೊಳ್ಳುವ ಲ್ಯಾಬುಗಳಲ್ಲಿ ಹೆಚ್ಚುಕಡಿಮೆ ಇದೇ ಕಥೆ. ಅದಕ್ಕೇ ನಾನು ಯಾವ ಸಾಲಿನಲ್ಲಿ ಹುಡುಕುತ್ತೇನೋ ಅದೇ ಸಾಲಿನಲ್ಲಿ ಇಲ್ಲಿ ಬರೆದಿದ್ದೇನೆ. ಇದು ವಿಂಡೋಸ್ ಸರ್ವರ್ ಇಟ್ಟುಕೊಂಡು, ಡೊಮೈನ್ (ಎಲ್ಲ ಮಷೀನ್, ಎಲ್ಲ ಅಕೌಂಟನ್ನೂ ಆ ಸರ್ವರಿನಿಂದಲೇ ನೋಡಿಕೊಳ್ಳುವ ವ್ಯವಸ್ಥೆ) ಮಾಡಿಕೊಂಡು, ಮಕ್ಕಳಿಗೆ ಬೇರೆ ಬೇರೆ ಅಕೌಂಟ್ ಕೊಟ್ಟಿರುವ ಶಾಲೆಗಳಿಗೆ. ವಿಂಡೋಸ್ ಬದಲು ಉಬುಂಟು ಲ್ಯಾಬ್ ಇರುವವರಿಗೆ ಕೇಬಲ್, ಸ್ವಿಚ್ಚಿನ (ಮಷೀನುಗಳ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆ) ಭಾಗ ಮಾತ್ರ ಉಪಯೋಗಕ್ಕೆ ಬರಬಹುದು.

ಮೊದಲ ಸಲ ಒಳಗೆ ಏನು ನಡೆಯುತ್ತದೆ

ಮೊದಲ ಲಾಗಿನ್ ಅಂದರೆ ಆ ಮಷೀನಿನಲ್ಲಿ ಆ ಹುಡುಗನಿಗೆ ಹೊಸ ಸಂಸಾರ ಹೂಡಿಕೊಟ್ಟ ಹಾಗೆ. ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ 'ಡೀಫಾಲ್ಟ್' ಅಂತ ಕಣ್ಣಿಗೆ ಕಾಣದ ಒಂದು ಫೋಲ್ಡರ್ ಇರುತ್ತದೆ. ವಿಂಡೋಸ್ ಅದನ್ನು ನಕಲು ಮಾಡಿ ಹುಡುಗನ ಹೆಸರಿನಲ್ಲಿ ಪ್ರೊಫೈಲ್, ಅಂದರೆ ಅವನ ಫೈಲು, ಸೆಟ್ಟಿಂಗುಗಳ ಫೋಲ್ಡರ್, ಕಟ್ಟುತ್ತದೆ. ಮಷೀನಿನ ಜೊತೆ ಬಂದ ಸ್ಟೋರ್ ಆ್ಯಪ್‌ಗಳನ್ನೆಲ್ಲ ಅವನ ಹೆಸರಿಗೆ ಒಂದೊಂದಾಗಿ ನೋಂದಾಯಿಸುತ್ತದೆ. ಸರ್ವರನ್ನು ಹುಡುಕಿ ಗ್ರೂಪ್ ಪಾಲಿಸಿ, ಅಂದರೆ ಎಲ್ಲ ಮಷೀನಿಗೂ ಸರ್ವರಿನಲ್ಲಿ ಒಂದೇ ಕಡೆ ಬರೆದಿಟ್ಟ ಸೆಟ್ಟಿಂಗುಗಳನ್ನು, ತರುತ್ತದೆ. ಡ್ರೈವ್, ಪ್ರಿಂಟರ್ ಜೋಡಿಸುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಹಳೆ ಯೂಸರ್ ಬಂದರೆ ವಿಂಡೋಸ್ ಮೊದಲು ಡೆಸ್ಕ್‌ಟಾಪ್ ತೋರಿಸಿ, ಪಾಲಿಸಿ ಕೆಲಸವನ್ನು ಹಿಂದಿನಿಂದ ಮಾಡಿಕೊಳ್ಳುತ್ತದೆ. ಆ ಮಷೀನಿಗೆ ಹೊಸಬನಾದರೆ ಹಾಗಿಲ್ಲ, ಪಾಲಿಸಿ ಪೂರ್ತಿ ಮುಗಿಯುವವರೆಗೂ ಬಾಗಿಲಲ್ಲೇ ನಿಲ್ಲಿಸುತ್ತದೆ. ಹಾಗಾಗಿ ಪಾಲಿಸಿಯಲ್ಲಿರುವ ಒಂದು ಸಣ್ಣ ತಪ್ಪು ಮೇಷ್ಟ್ರ ಲಾಗಿನ್‌ನಲ್ಲಿ ಗೊತ್ತೇ ಆಗುವುದಿಲ್ಲ. ಹೊಸ ಹುಡುಗನ ಲಾಗಿನ್‌ನಲ್ಲಿ ಎದ್ದು ಕಾಣುತ್ತದೆ. "ನಂಗೆ ಸರಿಯಾಗೇ ಬರ್ತಿದೆಯಲ್ಲ" ಅಂತ ಹೆಡ್‌ಮಾಸ್ಟರ್ ಹೇಳಿದರೆ ಅದು ಸುಳ್ಳಲ್ಲ. ಅವರ ಪ್ರೊಫೈಲ್ ಮೂರು ವರ್ಷದ ಹಿಂದೆಯೇ ಕಟ್ಟಿ ಮುಗಿದಿದೆ.

ಮೊದಲ ಹೆಜ್ಜೆ: ನಾಲ್ಕು ಸಲ ಅಳೆಯಿರಿ

ಏನನ್ನೂ ಬದಲಿಸಬೇಡಿ. ಮೊಬೈಲಿನ ಸ್ಟಾಪ್‌ವಾಚ್ ಸಾಕು. ಶಾಲೆ ಬಿಟ್ಟ ಮೇಲೆ ಒಂದೇ ಮಷೀನಿನಲ್ಲಿ ಮೂರು ಅಳತೆ ತೆಗೆಯಿರಿ.

ಒಂದು, ಡೊಮೈನಿಗೆ ಸೇರದ ಹೊಸ ಲೋಕಲ್ ಅಕೌಂಟ್ ಮಾಡಿ ಲಾಗಿನ್ ಆಗಿ. ಎರಡು, ಆ ಮಷೀನಿನಲ್ಲಿ ಯಾವತ್ತೂ ಕೂರದ ಒಬ್ಬ ವಿದ್ಯಾರ್ಥಿಯ ಡೊಮೈನ್ ಅಕೌಂಟಿನಿಂದ ಲಾಗಿನ್ ಆಗಿ. ಮೂರು, ಅದೇ ಅಕೌಂಟಿನಿಂದ ಹೊರಬಂದು ಮತ್ತೆ ಒಳಗೆ ಹೋಗಿ. ನಾಲ್ಕನೆಯದು ಮಾರನೇ ದಿನ ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಕೂತಾಗ.

ಲೋಕಲ್ ಅಕೌಂಟೇ ನಿಧಾನವಾದರೆ ತೊಂದರೆ ಮಷೀನಿನೊಳಗೆ ಇದೆ: ಹಾರ್ಡ್ ಡಿಸ್ಕ್, ಆ್ಯಪ್‌ಗಳು, ಆ್ಯಂಟಿವೈರಸ್. ಲೋಕಲ್ ಬೇಗ ಆಗಿ ಡೊಮೈನ್ ಅಕೌಂಟ್ ನಿಧಾನವಾದರೆ ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆ), ಪಾಲಿಸಿ ಅಥವಾ ಪ್ರೊಫೈಲ್. ಒಬ್ಬರೇ ಕೂತಾಗ ಸರಿಯಾಗಿದ್ದು ಮೂವತ್ತು ಜನ ಕೂತಾಗ ಹದಗೆಟ್ಟರೆ ಕೇಬಲ್, ಸ್ವಿಚ್ ಅಥವಾ ಸರ್ವರ್. ಎರಡನೇ ಸಲವೂ ಮೊದಲ ಸಲದಷ್ಟೇ ಹೊತ್ತು ಹಿಡಿದರೆ ನಿಮ್ಮ ಲ್ಯಾಬಿನಲ್ಲಿ ಎಲ್ಲ ಲಾಗಿನ್ನೂ ಮೊದಲ ಲಾಗಿನ್ನೇ. ಈ ಕೊನೆಯದು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಕಡೆ ಇರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಹೆಜ್ಜೆ: ಮಷೀನಿನ ಬಾಯಿ ಬಿಡಿಸಿ

'ಹಾಯ್' ಅಂತ ನಗುತ್ತಾ ಕೂರುವ ಪರದೆಯಿಂದ ನಮಗೆ ಏನೂ ತಿಳಿಯುವುದಿಲ್ಲ. ಗ್ರೂಪ್ ಪಾಲಿಸಿಯಲ್ಲಿ ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್ ಅಂತ ಹೋದರೆ 'ಡಿಸ್‌ಪ್ಲೇ ಹೈಲಿ ಡೀಟೇಲ್ಡ್ ಸ್ಟೇಟಸ್ ಮೆಸೇಜಸ್' ಎಂಬ ಸೆಟ್ಟಿಂಗ್ ಸಿಗುತ್ತದೆ. ಅದನ್ನು ಆನ್ ಮಾಡಿ, ಮಷೀನ್ ರೀಸ್ಟಾರ್ಟ್ ಮಾಡಿ. ಅದರ ಕೆಳಗಿನ ಲಾಗಾನ್ ಭಾಗದಲ್ಲಿರುವ, ಮೊದಲ ಲಾಗಿನ್‌ನ ಆ್ಯನಿಮೇಷನ್ ತೋರಿಸುವ ಸೆಟ್ಟಿಂಗನ್ನೂ ಆಫ್ ಮಾಡಿ. ಆ್ಯನಿಮೇಷನ್ ತೆಗೆದರೆ ಲಾಗಿನ್ ಬೇಗ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅಷ್ಟೇನೂ ಆಗುವುದಿಲ್ಲ, ಒಳಗಿನ ಕೆಲಸ ಹಾಗೇ ಇರುತ್ತದೆ. ಆದರೆ ಏನು ನಡೆಯುತ್ತಿದೆ ಅಂತ ಓದಲು ಸಿಗುತ್ತದೆ.

ಈಗ ಪರದೆ ಮುಂದೆ ಕೂತು ನೋಡಿ. ಆ ಶಾಲೆಯಲ್ಲಿ ನಾನು ನೋಡುವಾಗ 'ಅಪ್ಲೈಯಿಂಗ್ ಗ್ರೂಪ್ ಪಾಲಿಸಿ ಪ್ರಿಂಟರ್ಸ್ ಪಾಲಿಸಿ' ಎಂಬ ಸಾಲು ಬಂದು ಅಲ್ಲೇ ನಿಂತಿತು. ಎದ್ದು ಹೋಗಿ ಒಂದು ಚಹಾ ಕುಡಿದು ಬಂದೆ. ಇನ್ನೂ ಅದೇ ಸಾಲು. ಲ್ಯಾಬಿನಲ್ಲಿ ಸುತ್ತ ನೋಡಿದೆ, ಪ್ರಿಂಟರೇ ಇರಲಿಲ್ಲ. ಹಿಂದಿನ ವರ್ಷ ಕೆಟ್ಟು ಗುಜರಿಗೆ ಹೋಗಿತ್ತಂತೆ. ಪಾಲಿಸಿಯಲ್ಲಿ ಮಾತ್ರ ಅದು ಬದುಕಿತ್ತು, ಪ್ರತಿ ಹೊಸ ಮಗುವಿನ ಮಷೀನೂ ಅದನ್ನು ಕರೆದು, ಕಾದು, ಸುಮ್ಮನಾಗುತ್ತಿತ್ತು.

ಕಣ್ಣಿಗೆ ಬಿದ್ದದ್ದನ್ನು ಲಾಗ್ ನೋಡಿ ಖಚಿತ ಮಾಡಿಕೊಳ್ಳಿ. ಇವೆಂಟ್ ವ್ಯೂವರ್ ತೆಗೆದು ಅಪ್ಲಿಕೇಷನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಗ್ರೂಪ್ ಪಾಲಿಸಿ, ಆಪರೇಷನಲ್ ತನಕ ಹೋಗಿ. ಅಲ್ಲಿ 8001 ನಂಬರಿನ ಸಾಲು ಯೂಸರ್ ಪಾಲಿಸಿಗೆ ಒಟ್ಟು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಹೇಳುತ್ತದೆ. 4016 ಅಂದರೆ ಒಂದು ಭಾಗ ಶುರುವಾಯಿತು, 5016 ಅಂದರೆ ಆ ಭಾಗ ಮುಗಿಯಿತು, ಮಿಲಿಸೆಕೆಂಡ್ ಲೆಕ್ಕ ಸಮೇತ. ಪಕ್ಕದಲ್ಲೇ ಯೂಸರ್ ಪ್ರೊಫೈಲ್ ಸರ್ವಿಸ್‌ನ ಲಾಗ್ ಇದೆ. ಪಾಲಿಸಿ ಹತ್ತು ಸೆಕೆಂಡಿನಲ್ಲಿ ಮುಗಿದು ಲಾಗಿನ್‌ಗೆ ಆರು ನಿಮಿಷ ಹಿಡಿದಿದ್ದರೆ ಪಾಲಿಸಿಯನ್ನು ಸುಮ್ನೆ ಕೆದಕಬೇಡಿ, ಪ್ರೊಫೈಲ್ ಕಡೆ ಹೋಗಿ.

ಡಿಎನ್‌ಎಸ್: ಎರಡು ನಿಮಿಷದ ಪರೀಕ್ಷೆ

ಡೊಮೈನಿನ ಮಷೀನ್ ತನ್ನ ಸರ್ವರನ್ನು ಹುಡುಕುವುದೇ ಡಿಎನ್‌ಎಸ್ ಕೇಳಿ. ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ (ipconfig /all) ಕೊಟ್ಟು ಡಿಎನ್‌ಎಸ್ ಸರ್ವರ್ಸ್ ಎಂಬ ಸಾಲು ಓದಿ. ಅಲ್ಲಿ ನಿಮ್ಮ ಡೊಮೈನ್ ಕಂಟ್ರೋಲರಿನ, ಅಂದರೆ ಡೊಮೈನ್ ನಡೆಸುವ ಸರ್ವರಿನ, ಐಪಿ (ನೆಟ್‌ವರ್ಕ್ ವಿಳಾಸ) ಮಾತ್ರ ಇರಬೇಕು. ಗೂಗಲ್‌ನ 8.8.8.8 ಇದ್ದರೆ ಅಥವಾ ರೌಟರಿನ ಐಪಿ ಇದ್ದರೆ ಕಳ್ಳ ಸಿಕ್ಕ. ಶಾಲೆಯ ಒಳಗಿನ ಸರ್ವರ್ ಎಲ್ಲಿದೆ ಅಂತ ಹೊರಗಿನ ಡಿಎನ್‌ಎಸ್‌ಗೆ ಹೇಗೆ ಗೊತ್ತಾಗಬೇಕು? "ಎರಡನೆಯದಾಗಿ ಇರಲಿ ಬಿಡಿ ಸರ್, ಇಂಟರ್ನೆಟ್‌ಗೆ ಬೇಕಾಗುತ್ತೆ" ಅನ್ನುವವರಿದ್ದಾರೆ. ಬೇಡ. ವಿಂಡೋಸ್ ಆ ಎರಡನೆಯದನ್ನು ಕೇಳಲು ಶುರುಮಾಡಿತು ಅಂದರೆ ಒಳಗಿನ ಹೆಸರು ಸಿಗದೆ ಒದ್ದಾಡುತ್ತದೆ. ಇಂಟರ್ನೆಟ್‌ಗೆ ಬೇಕಾದ ಹೊರಗಿನ ಡಿಎನ್‌ಎಸ್ ವಿಳಾಸವನ್ನು ಸರ್ವರಿನ ಡಿಎನ್‌ಎಸ್‌ನಲ್ಲಿ ಫಾರ್ವರ್ಡರ್ (ತನಗೆ ಗೊತ್ತಿಲ್ಲದ್ದನ್ನು ಸರ್ವರ್ ಕೇಳುವ ವಿಳಾಸ) ಆಗಿ ಹಾಕಿ.

ಇದು ಬದಲಾಗುವುದು ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲಿ. ಇಂಟರ್ನೆಟ್‌ನವರು ಬರುತ್ತಾರೆ, ಹೊಸ ರೌಟರ್ ಇಡುತ್ತಾರೆ. ಅದು ತಾನೇ ಐಪಿ ಹಂಚಲು ಶುರುಮಾಡುತ್ತದೆ, ತನ್ನನ್ನೇ ಡಿಎನ್‌ಎಸ್ ಅಂತ ಹೇಳಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಲ್ಯಾಬಿಗೆ ಬೀಗ. ಜೂನ್‌ನಲ್ಲಿ ಎಲ್ಲರೂ ಬೈಯುವುದು ಕಂಪ್ಯೂಟರಿಗೆ. ರೌಟರಿನ ಡಿಎಚ್‌ಸಿಪಿ ಆಫ್ ಮಾಡಿ, ಐಪಿ ಹಂಚುವ ಕೆಲಸ ಸರ್ವರಿಗೇ ಇರಲಿ.

ಅಲ್ಲಿದ್ದಾಗಲೇ ಟಾಸ್ಕ್‌ಬಾರಿನ ಮೂಲೆಯ ತಾರೀಖು, ಗಂಟೆ ನೋಡಿ. ರಜೆಯಲ್ಲಿ ಕರೆಂಟ್ ಇಲ್ಲದೆ ಬಿದ್ದಿದ್ದ ಮಷೀನಿನಲ್ಲಿ ಸಿಮಾಸ್ ಬ್ಯಾಟರಿ ಸತ್ತಿದ್ದರೆ ಗಡಿಯಾರ ಎಲ್ಲಿಗೋ ಹೋಗಿರುತ್ತದೆ. ಸರ್ವರಿಗೂ ಮಷೀನಿಗೂ ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಡೊಮೈನ್ ಲಾಗಿನ್ ತಕರಾರು ತೆಗೆಯುತ್ತದೆ. ಸಿಆರ್ 2032 ಅಂತ ಕೇಳಿದರೆ ವಾಚ್ ರಿಪೇರಿ ಅಂಗಡಿಯಲ್ಲೂ ಆ ಬ್ಯಾಟರಿ ಸಿಗುತ್ತದೆ.

ಎಲ್ಲ ದಿನವೂ ಮೊದಲ ದಿನವಾದರೆ

ನನ್ನ ಪ್ರಕಾರ ಶಾಲೆಗಳಲ್ಲಿ ನಿಜವಾದ ಕಾಯಿಲೆ ಇದು. ಮೊದಲ ಲಾಗಿನ್ ನಾಲ್ಕು ನಿಮಿಷ ಹಿಡಿದರೂ ವರ್ಷಕ್ಕೊಮ್ಮೆ ಆದರೆ ಯಾರೂ ಗೊಣಗುವುದಿಲ್ಲ. ಅದು ವಾರ ವಾರ ಆಗುತ್ತಿದ್ದರೆ ಯಾಕೆ ಅಂತ ಕೇಳಬೇಕು.

ಮೊದಲ ಕಾರಣ, ಮಕ್ಕಳು ಜಾಗ ಬದಲಿಸುತ್ತಾರೆ. ಇವತ್ತು 4ನೇ ಮಷೀನ್, ಮುಂದಿನ ವಾರ ಗೆಳತಿಯ ಪಕ್ಕ 11ನೇ ಮಷೀನ್. 11ಕ್ಕೆ ಅವಳು ಹೊಸಬಳು, ಮತ್ತೆ ಹೊಸ ಪ್ರೊಫೈಲ್. ಇದಕ್ಕೆ ಮದ್ದು ಬಿಟ್ಟಿ: ಹಾಜರಿ ಸಂಖ್ಯೆಯೇ ಮಷೀನ್ ಸಂಖ್ಯೆ. ಒಂದು ಸ್ಟಿಕ್ಕರ್ ಹಚ್ಚಿ ಮುಗಿಸಿ. ತರಗತಿಯಲ್ಲಿ ಅರವತ್ತು ಮಕ್ಕಳಿದ್ದರೆ ಒಂದು ಮಷೀನಿಗೆ ಇಬ್ಬರು ಖಾಯಂ.

ಎರಡನೆಯದು, ಪ್ರೊಫೈಲ್ ಅಳಿಸುವ ಪಾಲಿಸಿ. ಇಷ್ಟು ದಿನಕ್ಕಿಂತ ಹಳೆಯ ಪ್ರೊಫೈಲುಗಳನ್ನು ರೀಸ್ಟಾರ್ಟ್ ಆದಾಗ ಅಳಿಸು ಅಂತ ಒಂದು ಸೆಟ್ಟಿಂಗ್ ಇದೆ. ಸಿಸ್ಟಮ್ ಕೆಳಗಿನ ಯೂಸರ್ ಪ್ರೊಫೈಲ್ಸ್ ಭಾಗದಲ್ಲಿ ಸಿಗುತ್ತದೆ. ಡಿಸ್ಕ್ ತುಂಬುತ್ತಿದೆ ಅಂತ ಯಾರೋ ಅಲ್ಲಿ 1 ಅಂತ ಹಾಕಿರುತ್ತಾರೆ. ವಾರಕ್ಕೆರಡು ಪಿರಿಯಡ್ ಇರುವ ಮಗುವಿಗೆ ಆ ಮೇಲೆ ಯಾವತ್ತೂ ಹಳೆ ಪ್ರೊಫೈಲ್ ಸಿಗುವುದಿಲ್ಲ. ನಾನು 90 ಹಾಕುತ್ತೇನೆ, ದಸರಾ ರಜೆ ಕಳೆದರೂ ಉಳಿಯಲಿ ಅಂತ. ಮಕ್ಕಳನ್ನು ಖಾಯಂ ಜಾಗದಲ್ಲಿ ಕೂರಿಸಿದ ಮೇಲೆ ಡಿಸ್ಕ್ ತುಂಬುವುದೂ ಕಡಿಮೆಯಾಗುತ್ತದೆ. ಇದರ ತಮ್ಮನಂತೆ ಇನ್ನೊಂದು ಸೆಟ್ಟಿಂಗ್ ಇದೆ, ರೋಮಿಂಗ್ ಪ್ರೊಫೈಲಿನ (ಸರ್ವರಿನಲ್ಲಿದ್ದು, ಮಗು ಕೂತ ಮಷೀನಿಗೆ ನಕಲಾಗಿ ಬರುವ ಪ್ರೊಫೈಲ್) ಲೋಕಲ್ ನಕಲನ್ನು ಲಾಗಾಫ್ ಆದ ಕೂಡಲೇ ಅಳಿಸುವುದು. ಅದನ್ನೂ ನೋಡಿ.

ಮೂರನೆಯದು, ಪ್ರತಿ ರೀಸ್ಟಾರ್ಟಿಗೂ ಮಷೀನನ್ನು ಮೊದಲಿದ್ದ ಹಾಗೆ ಮಾಡಿಬಿಡುವ 'ಫ್ರೀಜ್' ಸಾಫ್ಟ್‌ವೇರ್. ವೈರಸ್ ಕಾಟಕ್ಕೆ ಒಳ್ಳೆಯ ಮದ್ದೇ. ಆದರೆ ಅದು ಪ್ರೊಫೈಲನ್ನೂ ನುಂಗುತ್ತದೆ. ಇದನ್ನು ಬಿಡಲಾಗದಿದ್ದರೆ, ಫ್ರೀಜ್ ತೆಗೆದು ಆ ಮಷೀನಿನಲ್ಲಿ ಕೂರುವ ಮಕ್ಕಳೆಲ್ಲ ಒಮ್ಮೆ ಲಾಗಿನ್ ಆಗಲಿ, ಆಮೇಲೆ ಮತ್ತೆ ಫ್ರೀಜ್ ಮಾಡಿ.

ವಿಂಡೋಸ್ 7 ಮತ್ತು 10 ಬೆರಕೆ ಇರುವ ಲ್ಯಾಬಿನಲ್ಲಿ ರೋಮಿಂಗ್ ಪ್ರೊಫೈಲ್ ಇಟ್ಟಿದ್ದರೆ ಸರ್ವರಿನಲ್ಲಿ ಒಂದೇ ಮಗುವಿಗೆ ಎರಡು ಫೋಲ್ಡರ್ ಕಾಣುತ್ತವೆ, ಒಂದರ ಬಾಲದಲ್ಲಿ ವಿ2, ಇನ್ನೊಂದರಲ್ಲಿ ವಿ6. ಎರಡೂ ಬೇರೆ ಸಂಸಾರ, ಒಂದಕ್ಕೊಂದು ಗೊತ್ತಿಲ್ಲ. ಅಂದ ಹಾಗೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲ್ಯಾಬಿಗೆ ಹೊಸ ಇಮೇಜ್ (ಎಲ್ಲ ಮಷೀನಿಗೂ ಹಾಕುವ ಒಂದೇ ವಿಂಡೋಸ್ ಪ್ರತಿ) ಮಾಡುವ ಯೋಚನೆ ಇದ್ದರೆ ಎಲ್ಲವನ್ನೂ ಒಂದೇ ಸಲ ಒಂದೇ ವರ್ಷನ್ನಿಗೆ ತನ್ನಿ.

ಪಾಲಿಸಿಯ ಕಸ ಗುಡಿಸುವುದು

ಜಿಪಿರಿಸಲ್ಟ್ ಕಮಾಂಡಿಗೆ ಸ್ಲ್ಯಾಶ್ ಎಚ್ (gpresult /h) ಸೇರಿಸಿ ಒಂದು ಫೈಲ್ ಹೆಸರು ಕೊಟ್ಟರೆ ಆ ಹುಡುಗನಿಗೆ ಯಾವ ಯಾವ ಪಾಲಿಸಿ ತಗುಲಿದೆ ಅಂತ ಚೆಂದದ ವರದಿ ಬರುತ್ತದೆ. ಪ್ರಿಂಟ್ ತೆಗೆದು ಪೆನ್ನು ಹಿಡಿದು ಕೂತುಕೊಳ್ಳಿ. ಈಗ ಇಲ್ಲದ ಪ್ರಿಂಟರ್, ಹಳೆ ಸರ್ವರಿನ ಹೆಸರಿಗೆ ಕಟ್ಟಿದ ಡ್ರೈವ್, ಬಿಟ್ಟುಹೋದ ಮೇಷ್ಟ್ರು ಬರೆದ ಸ್ಕ್ರಿಪ್ಟ್ (ಲಾಗಿನ್ ಆದಾಗ ತಾನೇ ಓಡುವ ಕಮಾಂಡುಗಳ ಫೈಲ್), ಎಲ್ಲಕ್ಕೂ ಗೆರೆ ಎಳೆಯಿರಿ. ಉಳಿದ ಡ್ರೈವ್, ಪ್ರಿಂಟರುಗಳಲ್ಲಿ 'ರಿಪ್ಲೇಸ್' ಅಂತ ಇದ್ದರೆ 'ಅಪ್‌ಡೇಟ್' ಮಾಡಿ. ರಿಪ್ಲೇಸ್ ಅಂದರೆ ಪ್ರತಿ ಸಲ ಕಿತ್ತು ಮತ್ತೆ ನೆಡುವುದು.

ಸ್ಕ್ರಿಪ್ಟುಗಳ ಬಗ್ಗೆ ಎರಡು ಮಾತು. ಚಿತ್ರದುರ್ಗದ ಒಂದು ಶಾಲೆಯಲ್ಲಿ ನುಡಿ ತಂತ್ರಾಂಶದ ಇಡೀ ಫೋಲ್ಡರನ್ನು ಪ್ರತಿ ಲಾಗಿನ್‌ಗೂ ಸರ್ವರಿನಿಂದ ನಕಲು ಮಾಡುವ ಸ್ಕ್ರಿಪ್ಟ್ ಇತ್ತು. ಉದ್ದೇಶ ಒಳ್ಳೆಯದೇ, ಮಕ್ಕಳಿಗೆ ಕನ್ನಡ ಟೈಪಿಂಗ್ ಸಿಗಲಿ ಅಂತ. ಆದರೆ ಅದು ಮಷೀನಿನಲ್ಲಿ ಒಮ್ಮೆ ಹಾಕಿದರೆ ಎಲ್ಲರಿಗೂ ಸಿಗುವಂಥದ್ದು, ಅಲ್ವಾ? ಇನ್ನೊಂದು, "ಲಾಗಿನ್ ಆಗಿ ಐದು ನಿಮಿಷ ಆದ್ಮೇಲೆ ಡ್ರೈವ್ ಬರುತ್ತೆ ಸರ್" ಎಂಬ ದೂರು. ಅದು ನಿಧಾನವೇ ಅಲ್ಲ. ವಿಂಡೋಸ್ 8.1ರಿಂದ ಈಚೆಗೆ ಲಾಗಿನ್ ಸ್ಕ್ರಿಪ್ಟುಗಳು ಬೇಕೆಂದೇ ಐದು ನಿಮಿಷ ತಡವಾಗಿ ಓಡುತ್ತವೆ. 'ಕಾನ್ಫಿಗರ್ ಲಾಗಾನ್ ಸ್ಕ್ರಿಪ್ಟ್ ಡಿಲೇ' ಎಂಬ ಪಾಲಿಸಿಯಲ್ಲಿ ಸೊನ್ನೆ ಹಾಕಿದರೆ ಆಯಿತು.

ಸ್ಟೋರ್ ಆ್ಯಪ್‌ಗಳು

ಲೋಕಲ್ ಅಕೌಂಟಿನ ಪರೀಕ್ಷೆಯಲ್ಲೇ ಜಾಸ್ತಿ ಹೊತ್ತು ಹಿಡಿದವರು ಇದನ್ನು ಓದಿ. ಆಟ, ಹವಾಮಾನ, ಸುದ್ದಿ ಅಂತ ಮಷೀನಿನ ಜೊತೆ ಬಂದ ಆ್ಯಪ್‌ಗಳನ್ನು ವಿಂಡೋಸ್ ಪ್ರತಿ ಹೊಸ ಯೂಸರಿಗೂ ನೋಂದಾಯಿಸುತ್ತದೆ. ನಿಮ್ಮ ಅಕೌಂಟಿನಲ್ಲಿ ಅನ್‌ಇನ್‌ಸ್ಟಾಲ್ ಕೊಟ್ಟರೆ ನಿಮಗೆ ಮಾತ್ರ ಹೋಗುತ್ತದೆ, ಹೊಸ ಹುಡುಗನಿಗೆ ಮತ್ತೆ ಬರುತ್ತದೆ. ಪವರ್‌ಶೆಲ್‌ನಲ್ಲಿ 'ಪ್ರೊವಿಷನ್ಡ್ ಪ್ಯಾಕೇಜ್' (ಹೊಸ ಯೂಸರಿಗೆ ಕೊಡಲು ಇಟ್ಟಿರುವ ಆ್ಯಪ್‌ಗಳ) ಪಟ್ಟಿ ತೆಗೆದು, ಅಲ್ಲಿಂದಲೇ ಬೇಡದ್ದನ್ನು ತೆಗೆಯಬೇಕು. ಸ್ಟೋರ್ ಆ್ಯಪನ್ನೇ ಕಿತ್ತು ಹಾಕಬೇಡಿ, ಕ್ಯಾಲ್ಕುಲೇಟರ್ ಇರಲಿ. ಮೊದಲು ಒಂದೇ ಮಷೀನಿನಲ್ಲಿ ಮಾಡಿ ಒಂದು ವಾರ ನೋಡಿ. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಕೆಲವು ವಾಪಸ್ ಬಂದಿರುತ್ತವೆ, ಆಗ ಮತ್ತೊಮ್ಮೆ ಗುಡಿಸಬೇಕು.

ಮೂವತ್ತು ಜನ, ಒಂದೇ ಕಿಂಡಿ

ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದ್ದೀರಲ್ಲ. ಸೈನ್ಯ ಎಷ್ಟೇ ದೊಡ್ಡದಿದ್ದರೂ ಒಬ್ಬೊಬ್ಬರೇ ನುಸುಳಬೇಕು. ಸರ್ವರಿನಿಂದ ಸ್ವಿಚ್ಚಿಗೆ ಬರುವ ಕೇಬಲ್ಲೂ ಹಾಗೇ.

ಲೆಕ್ಕ ಹಾಕಿ. ಒಂದು ಮಗುವಿನ ರೋಮಿಂಗ್ ಪ್ರೊಫೈಲ್ 150 ಎಂಬಿ ಅಂದುಕೊಳ್ಳಿ. 100 ಎಂಬಿಪಿಎಸ್ ಕೇಬಲ್‌ನಲ್ಲಿ ಸೆಕೆಂಡಿಗೆ ಹೋಗುವುದು ಹೆಚ್ಚೆಂದರೆ ಹನ್ನೆರಡೂವರೆ ಎಂಬಿ (ಎಂಟು ಬಿಟ್ ಸೇರಿ ಒಂದು ಬೈಟ್). ಒಬ್ಬನಿಗೆ ಹನ್ನೆರಡು ಸೆಕೆಂಡ್, ಗೊತ್ತೇ ಆಗುವುದಿಲ್ಲ. ಮೂವತ್ತು ಜನ ಒಟ್ಟಿಗೆ ಬಂದರೆ 4,500 ಎಂಬಿ, ಅಂದರೆ 360 ಸೆಕೆಂಡ್. ಏನೂ ಕೆಡದೆಯೇ ಆರು ನಿಮಿಷ ಹೋಯಿತು. ಅದೇ ಕೇಬಲ್ ಗಿಗಾಬಿಟ್ (1000 ಎಂಬಿಪಿಎಸ್) ಆದರೆ ಲೆಕ್ಕದ ಪ್ರಕಾರ 36 ಸೆಕೆಂಡ್.

ಹಾಗಾಗಿ ಸರ್ವರಿನ ನೆಟ್‌ವರ್ಕ್ ಸ್ಟೇಟಸ್ ತೆಗೆದು ಸ್ಪೀಡ್ ಓದಿ. ಗಿಗಾಬಿಟ್ ಸ್ವಿಚ್, ಗಿಗಾಬಿಟ್ ಕಾರ್ಡ್ ಇದ್ದೂ 100 ತೋರಿಸುತ್ತಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕು ಜೋಡಿ ತಂತಿಯೂ ಬೇಕು, 100ಕ್ಕೆ ಎರಡು ಜೋಡಿ ಸಾಕು. ಉಳಿದೆರಡು ಜೋಡಿಯಲ್ಲಿ ಇಲಿ ಒಂದು ತಂತಿ ಕಡಿದಿದ್ದರೂ ನೆಟ್‌ವರ್ಕ್ ನಡೆಯುತ್ತಲೇ ಇರುತ್ತದೆ, ಕುಂಟುತ್ತಾ. ಈ ಹೈಸ್ಕೂಲಿನಲ್ಲಿ ಆಗಿದ್ದೂ ಅದೇ. ಸರ್ವರ್ ಹಿಂದಿನ ಕೇಬಲ್ ಬೀರುವಿನ ಕಾಲಡಿ ಸಿಕ್ಕಿಕೊಂಡಿತ್ತು.

ಆಮೇಲೆ ಪ್ರೊಫೈಲ್ ತೂಕ ಇಳಿಸಿ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಫೋಲ್ಡರುಗಳನ್ನು ಫೋಲ್ಡರ್ ರೀಡೈರೆಕ್ಷನ್ ಮಾಡಿ ಸರ್ವರಿನಲ್ಲೇ ಇಟ್ಟರೆ ಅವು ಪ್ರತಿ ಸಲ ಓಡಾಡುವುದಿಲ್ಲ. ಮಕ್ಕಳ ಡೆಸ್ಕ್‌ಟಾಪ್ ಮೇಲೆ ವಾರ್ಷಿಕೋತ್ಸವದ ಡ್ಯಾನ್ಸ್ ವೀಡಿಯೊ ಇರುವುದು ಎಲ್ಲ ಶಾಲೆಯಲ್ಲೂ ಇದ್ದದ್ದೇ. ಮಕ್ಕಳ ಸೆಟ್ಟಿಂಗ್ ಉಳಿಯುವುದೇ ಬೇಡ ಅನ್ನುವವರು ಮ್ಯಾಂಡೇಟರಿ ಪ್ರೊಫೈಲ್ ಮಾಡಬಹುದು, ಆದರೆ ಅದು ಚಿಕ್ಕದಾಗಿರಲಿ.

ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದದ್ದು) ಇದ್ದರೆ ಮಷೀನಿಗೆ ಹೋಗುವ ಪೋರ್ಟುಗಳಲ್ಲಿ ಪೋರ್ಟ್‌ಫಾಸ್ಟ್ ಆನ್ ಮಾಡಿ. ಇಲ್ಲದಿದ್ದರೆ ಹಳೆ ಸ್ಪ್ಯಾನಿಂಗ್ ಟ್ರೀ (ಕೇಬಲ್ ಸುತ್ತು ಬಿದ್ದಿದೆಯೇ ಅಂತ ನೋಡುವ ಸ್ವಿಚ್ಚಿನ ಪರೀಕ್ಷೆ) ಪೋರ್ಟ್ ತೆರೆಯಲು ಮೂವತ್ತು ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಮಷೀನ್ ಸರ್ವರ್ ಇಲ್ಲ ಅಂದುಕೊಂಡಿರುತ್ತದೆ. ಕರೆಂಟ್ ಹೋಗಿ ಬಂದಾಗಲೂ ಇದೇ ಗೋಳು. ಸರ್ವರ್ ಏಳುವ ಮುಂಚೆ ಲ್ಯಾಬ್ ಏಳುತ್ತದೆ. ಹಳಬರು ಹೇಗೋ ಒಳಗೆ ಹೋಗುತ್ತಾರೆ, ಹೊಸಬರಿಗೆ ಬಾಗಿಲೇ ತೆರೆಯುವುದಿಲ್ಲ. ಸರ್ವರ್, ಸ್ವಿಚ್ ಮೊದಲು, ಹತ್ತು ನಿಮಿಷ ಬಿಟ್ಟು ಲ್ಯಾಬ್. ಇದನ್ನು ಮೇನ್ ಸ್ವಿಚ್ಚಿನ ಪಕ್ಕ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಲ್ಯಾಬ್ ತೆರೆಯುವ ಅಟೆಂಡರ್ ಅಣ್ಣನಿಗೂ ಹೇಳಿಡಿ.

ದುಡ್ಡು ಖರ್ಚು ಮಾಡುವುದೇ ಆದರೆ

ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. ಬೇರೆ ಯೋಚನೆ ಬೇಡ. ಪ್ರೊಫೈಲ್ ಕಟ್ಟುವುದು ಅಂದರೆ ಸಾವಿರಾರು ಸಣ್ಣ ಫೈಲು ಬರೆಯುವುದು, ತಿರುಗುವ ಡಿಸ್ಕಿಗೆ ತುಂಬಾ ಕಷ್ಟದ ಕೆಲಸ ಅದು. ಒಂದೇ ಸಲ ಎಲ್ಲಕ್ಕೂ ಆಗದಿದ್ದರೆ ವರ್ಷಕ್ಕೆ ಹತ್ತು ಮಷೀನ್.

ಆ ಹೈಸ್ಕೂಲಿನಲ್ಲಿ ದುಡ್ಡು ಖರ್ಚಾಗಿದ್ದು ಒಂದು ಕೇಬಲ್‌ಗೆ, ಒಂದು ಶೀಟ್ ಸ್ಟಿಕ್ಕರಿಗೆ. ಗುಜರಿ ಪ್ರಿಂಟರ್ ಪಾಲಿಸಿಯಿಂದ ಹೋಯಿತು. ರೌಟರಿನ ಡಿಎಚ್‌ಸಿಪಿ ಆಫ್ ಆಯಿತು. ಪ್ರೊಫೈಲ್ ಅಳಿಸುವ ದಿನ 1 ಇದ್ದದ್ದು 90 ಆಯಿತು. ಮುಂದಿನ ವಾರ ಒಂಬತ್ತನೇ ತರಗತಿಯವರು ಮೊದಲ ಸಲ ಕೂತಾಗ ಎರಡೂವರೆ ನಿಮಿಷ, ಎರಡನೇ ಸಲ ಅರ್ಧ ನಿಮಿಷದೊಳಗೆ. 17ನೇ ಮಷೀನ್ ಮಾತ್ರ ಇನ್ನೂ ಹಳೆ ಚಾಳಿ ಬಿಟ್ಟಿಲ್ಲ, ಅದರ ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿದೆ. ಹಾಜರಿ ಸಂಖ್ಯೆ 17ರ ಹುಡುಗಿ ಪಾಪ, ಗಂಟೆ ಹೊಡೆದ ತಕ್ಷಣ ಎಲ್ಲರಿಗಿಂತ ಮುಂಚೆ ಓಡಿ ಬಂದು ಪಾಸ್‌ವರ್ಡ್ ಹಾಕಿಟ್ಟು, ಆಮೇಲೆ ಚಪ್ಪಲಿ ಬಿಡಲು ಬಾಗಿಲಿಗೆ ವಾಪಸ್ ಹೋಗುತ್ತಾಳೆ.